ಬ್ಲೇಡಿನ ಕೆಳಗೆ ನಾಗಲಿಂಗದ ಹೂ

ಬ್ಲೇಡು ಹೂವಿನ ಮೇಲಿತ್ತು, ಆದರೆ ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಎಪ್ಪತ್ತರ ದಶಕದ ಮಾತು, ಮುಂಬಯಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಎದುರಿನ ಟ್ರೇಯಲ್ಲಿದ್ದುದು ಇಲ್ಲಿನವರು ಕೈಲಾಸಪತಿ ಎನ್ನುವ ನಾಗಲಿಂಗದ ಹೂ. ಅದನ್ನು ಉದ್ದಕ್ಕೆ ಸೀಳಿ, ಅಂಡಾಶಯ ನೋಡಿ, ಯಾವ ಕುಟುಂಬದ ಮರವೆಂದು ಬರೆಯಬೇಕು. ಅಂಡಾಶಯವೆಂದರೆ ಹೆಡೆಯ ಕೆಳಗಿನ ಆ ಪುಟ್ಟ ಲಿಂಗವೇ. ಮಾಟುಂಗದ ನಮ್ಮ ಮನೆಯಲ್ಲಿ ಅಮ್ಮ ಈ ಹೂವನ್ನು ಕಣ್ಣಿಗೊತ್ತಿಕೊಳ್ಳದೆ ದೇವರ ಮುಂದೆ ಇಟ್ಟವಳಲ್ಲ.

ಪಕ್ಕದವರೆಲ್ಲ ಆಗಲೇ ಚಿತ್ರ ಬರೆಯತೊಡಗಿದ್ದರು. "ಶಿವನೇ, ಇದನ್ನು ಹೇಗೆ ಕೊಯ್ಯುವುದು" ಎಂದು ಕನ್ನಡದಲ್ಲೇ ಗೊಣಗಿಕೊಂಡೆ.

ಟೇಬಲ್ಲುಗಳಿಗೆ ನೀರಿಡುತ್ತಿದ್ದ ಲ್ಯಾಬಿನ ಹಿರಿಯ ಪ್ಯೂನ್ ನನ್ನ ಬಳಿ ನಿಂತರು. ಮೂರು ವರ್ಷ ಅವರೊಡನೆ ನಾನು ಹಿಂದಿಯಲ್ಲೇ ಮಾತಾಡಿದ್ದೆ. ಈಗ ಅವರು ಬಿಜಾಪುರದ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಅಂಜಬ್ಯಾಡ ತಂಗಿ. ಈ ಹೂವೆಲ್ಲಾ ಮುಂಜಾನೆ ಶಿವಗ ಏರಿಸೇ ತಂದೀನಿ. ಈಗ ಅದು ಪ್ರಸಾದ ಐತಿ, ಕೊಯ್ಯಿ."

ಕೈ ಹಗುರಾಯಿತು. ಸೀಳಿದೆ. ಹಳೆಯ ಪುಸ್ತಕಗಳು ಈ ಮರವನ್ನು ನೇರಳೆಯ ಕುಟುಂಬಕ್ಕೆ ಸೇರಿಸಿದ್ದವು. ನಮ್ಮ ಮೇಡಂ ಕಲಿಸಿದ್ದಂತೆ ನಾನು ಲೆಸಿಥಿಡೇಸಿ ಎಂಬ ಬೇರೆಯೇ ಕುಟುಂಬವೆಂದು ಬರೆದೆ, ಪಾಸಾದೆ.

ಮುಂದೆ ನಾನೂ ಮುಲುಂಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದೆ. ಪರೀಕ್ಷೆಯ ದಿನ ಹೂಗಳನ್ನು ಮೊದಲು ಶಿವನಿಗೆ ಏರಿಸಿಯೇ ಲ್ಯಾಬಿಗೆ ಒಯ್ಯುತ್ತಿದ್ದೆ. ಯಾವ ಹುಡುಗಿಯೂ ಬ್ಲೇಡು ಹಿಡಿದು ನಿಂತುಬಿಡಲಿಲ್ಲ. ನಿಂತಿದ್ದರೆ, ಅವಳಿಗೆ ಹೇಳಲು 'ಇದು ಪ್ರಸಾದ' ಎಂಬ ಸುಳ್ಳಲ್ಲದ ಮಾತು ನನ್ನಲ್ಲೂ ಇರಬೇಕಿತ್ತಲ್ಲ.