ಮಾವ ಸುಮ್ಮನೆ ಕೂತ ಎರಡು ದಿನ

ನಮ್ಮ ಮಾವನವರ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಉಣ್ಣುವ ಹೊತ್ತು ಬಿಟ್ಟರೆ ಸದಾ ಅದು ಮಿಕ್ಕ ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಿತ್ತು. ಮದುವೆಯಾಗಿ ಕುಷ್ಟಗಿಯಿಂದ ಬೇವೂರಿನ ಹತ್ತಿರದ ಆ ಹಳ್ಳಿಗೆ ಬಂದ ಹೊಸದರಲ್ಲಿ, ಹಿರಿಯರು ಜಪ ಮಾಡುತ್ತಾರೆಂದೇ ತಿಳಿದಿದ್ದೆ. ಅವರು ಎಣಿಸುತ್ತಿದ್ದದ್ದು ಹಾಜರಿಯ ಜನರನ್ನು.

ಆಗ ನಿಜಾಮರ ಕಾಲ. ಮಾವ ಊರಿನ ಪೊಲೀಸ್ ಪಾಟೀಲರು, ಜನರ ಬಾಯಲ್ಲಿ ಗೌಡರು. ಊರ ಹೊರಗಿನ ಹದಿನೇಳು ಗುಡಿಸಲುಗಳ ಗಂಡಸರನ್ನು ಹುಟ್ಟಾ ಕಳ್ಳರೆಂದು ಸರ್ಕಾರ ಬರೆದುಕೊಂಡಿತ್ತು. ಹೊತ್ತು ಹುಟ್ಟುವಾಗ ಒಮ್ಮೆ, ಮುಳುಗುವಾಗ ಒಮ್ಮೆ ಅವರು ನಮ್ಮ ಮನೆಯ ಮುಂದೆ ಸಾಲಾಗಿ ಕೂರಬೇಕು, ಹೆಸರು ಕೂಗಿದರೆ ಓ ಅನ್ನಬೇಕು. ಕದ್ದವರೂ ಕೂರಬೇಕು, ಜನ್ಮದಲ್ಲಿ ಒಂದು ಸೌತೆಕಾಯಿ ಕದಿಯದವರೂ ಕೂರಬೇಕು. ಅಪ್ಪಣೆಯಿಲ್ಲದೆ ಊರು ಬಿಟ್ಟರೆ ಜೈಲು. ಮಾವನಿಗೆ ಕಣ್ಣು ಮಂಜಾಗಿತ್ತು, ನನ್ನ ಗಂಡನಿಗೆ ಓದು ಹತ್ತಿರಲಿಲ್ಲ. ತವರಿನಲ್ಲಿ ನಾಲ್ಕಕ್ಷರ ಕಲಿತಿದ್ದ ನಾನೇ ಬಾಗಿಲ ಹಿಂದೆ ಕೂತು ಹಾಜರಿ ಪುಸ್ತಕ ತುಂಬುತ್ತಿದ್ದೆ. ಇದು ಮನೆಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಯಲಬುರ್ಗಿ ಪೊಲೀಸ್ ಠಾಣೆಯ ಅಧಿಕಾರಿ ಅಮೀನ ಸಾಹೇಬರು ತಿಂಗಳಿಗೊಮ್ಮೆ ಕುದುರೆ ಏರಿ ಬರುತ್ತಿದ್ದರು. ಅವರು, ಸಾಲಿ ಮಾಸ್ತರು, ಮಾವ ಪಡಸಾಲೆಯಲ್ಲಿ ಕೂತರೆಂದರೆ, ಕಳ್ಳತನ ಯಾಕೆ ಆಗುತ್ತದೆ, ಹೇಗೆ ನಿಲ್ಲುತ್ತದೆ ಎಂಬುದೇ ಮಾತು.

“ಅದು ಅವರ ಖೂನಿನಾಗ, ರಕ್ತದಾಗ ಐತ್ರಿ ಗೌಡ್ರ. ಅಪ್ಪ ಕಳ್ಳ, ಅಜ್ಜ ಕಳ್ಳ. ಕಟ್ಟಿ ಹಾಕಿದಂಗ ಇಡೂದೊಂದ ಇಲಾಜು,” ಎನ್ನುತ್ತಿದ್ದರು ಅಮೀನರು.

“ಸಹವಾಸರಿ ಸಾಹೇಬ್ರ, ಎಲ್ಲಾ ಸಹವಾಸ. ಅಕ್ಷರ ಕಲಿತ್ರ ಬುದ್ಧಿ ತಿರಗ್ತೈತಿ,” ಎನ್ನುತ್ತಿದ್ದರು ಮಾಸ್ತರು. ಆ ಗುಡಿಸಲುಗಳ ಮಕ್ಕಳನ್ನು ಮಾತ್ರ ಈ ಪುಣ್ಯಾತ್ಮರು ಸಾಲಿಯ ಹೊಸ್ತಿಲು ದಾಟಿಸುತ್ತಿರಲಿಲ್ಲ.

ಮಾವ ಕೊನೆಗೆ ಬಾಯಿಬಿಡುತ್ತಿದ್ದರು. “ಹಾಜರಿ ಮುಗಿಸಿ ನಾ ಇವರನ್ನ ಬಿಡೂದರಾಗ ಹೊಲಕ್ಕ ಆಳು ಹೋಗಿರ್ತಾವ್ರಿ. ದಿನಾ ತಡಾ ಮಾಡಿ ಬರವಗ ಯಾರು ಕೂಲಿ ಕೊಡ್ತಾರ? ಒಂದು ವರ್ಷ ಎಣಿಸೂದು ಬಿಟ್ಟು ನೋಡ್ರಲಾ.”

“ಎಣಿಸೂದು ಬಿಟ್ರ ನಿಮ್ಮ ಪಾಟೀಲ್ಕಿ ಯಾಕ ಬೇಕ್ರಿ?” ಎಂದು ಅಮೀನರು ನಗುತ್ತಿದ್ದರು. ಮಾವನೂ ನಗುತ್ತಿದ್ದರು.

ಆ ವರ್ಷ ಹಿಂಗಾರಿ ಜೋಳದ ಸುಗ್ಗಿಯಲ್ಲಿ ಹಾಜರಿಯ ಸಾಲಿನಿಂದ ಒಬ್ಬ ಎದ್ದು ಕೈಮುಗಿದ. “ಗೌಡ್ರ, ಅಳವಂಡಿ ಕಡೆ ಕೊಯ್ಲಿಗೆ ಜನಾ ಬೇಕಂತ್ರಿ. ಹನ್ನೆರಡು ದಿನ ಬಿಟ್ರ ಮಳಿಗಾಲದ ತನಕಾ ಮಕ್ಕಳಿಗೆ ರೊಟ್ಟಿ ಆಕ್ಕೈತ್ರಿ.”

ಠಾಣೆಯ ಅಪ್ಪಣೆ ಬರುವಷ್ಟರಲ್ಲಿ ಸುಗ್ಗಿಯೇ ಮುಗಿದಿರುತ್ತಿತ್ತು. ಮಾವ ತಾವೇ, “ಹೋಗಿ ಬಾ,” ಎಂದರು. ಒಳಗೆ ಬಂದು ನನಗೆ, “ತಂಗಿ, ಅವನ ಹೆಸರಿನ ಮುಂದ ದಿನಾ ಹಾಜರ್ ಅಂತ ಬರೀ,” ಎಂದರು. ಹನ್ನೆರಡು ದಿನ, ದಿನಕ್ಕೆರಡು ಸಲ ಬರೆದೆ. ಬರೆಯುವಾಗ ಪುಣ್ಯದ ಕೆಲಸ ಮಾಡಿದಷ್ಟು ಹಿಗ್ಗು.

ಆ ದಿನಗಳಲ್ಲೇ ಪಕ್ಕದೂರಿನ ಸಾಹುಕಾರರ ಮನೆಗೆ ಕನ್ನ ಬಿತ್ತು. ಕೂಲಿಯ ಜೋಳದ ಚೀಲ ಹೊತ್ತು ಊರಿಗೆ ಕಾಲಿಟ್ಟವನನ್ನು ಅಮೀನರು ಹಿಡಿದರು. ಅಳವಂಡಿಯಲ್ಲಿದ್ದೆ ಎಂದು ಅವನು ಅತ್ತ. ಅವನನ್ನು ನಮ್ಮ ಅಂಗಳಕ್ಕೆ ಎಳೆದು ತಂದು ಅಮೀನರು ಪುಸ್ತಕ ತೆರೆಸಿದರು.

“ಹನ್ನೆರಡೂ ದಿನ ಊರಾಗ ಅದಾನ. ಕದ್ದಿಲ್ಲಂದ್ರ ಸುಳ್ಳು ಯಾಕ ಹೇಳ್ತಾನ್ರಿ ಗೌಡ್ರ?”

ಮಾವ ಬಾಯಿ ತೆರೆದರು. ಬಾಗಿಲ ಹಿಂದಿದ್ದ ನಾನು ಬಳೆ ಸದ್ದು ಮಾಡಿದೆ. ಹೊರಗಿನ ಗಂಡಸರಿದ್ದಾಗ ಸೊಸೆಯಂದಿರು ಮನೆಯವರನ್ನು ತಡೆಯುತ್ತಿದ್ದದ್ದೇ ಹಾಗೆ. ಮಾವ ತಿರುಗಿ ನೋಡಿ ಬಾಯಿ ಮುಚ್ಚಿದರು. ಅವನನ್ನು ಯಲಬುರ್ಗಿಗೆ ಒಯ್ದರು.

“ನಾಳೆ ಹೋಗಿ ಖರೇ ಹೇಳಿ ಬರ್ತೀನಿ,” ಎಂದರು ಮಾವ. ಅಲ್ಲಿಯವರೆಗೆ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಅವತ್ತು ಕಾಲು ಹಿಡಿದೆ.

“ಮಾವಾರ, ಅಕ್ಷರ ನನ್ನವ್ರಿ. ನನ್ನ ಠಾಣೇಕ ಎಳೀತಾರ. ಪಾಟೀಲ್ಕಿ ಹೋಗ್ತೈತಿ. ನೀವು ಹೇಳಿದ್ರೂ ಊರು ಬಿಟ್ಟ ತಪ್ಪಿಗೆ ಅವಗ ಜೈಲು ತಪ್ಪೂದಿಲ್ಲರಿ.”

ಕೊನೆಯ ಮಾತು ಸುಳ್ಳಾಗಿರಲಿಲ್ಲ. ಕಳ್ಳನಲ್ಲ ಎಂದು ತೋರಿಸಬೇಕಾದರೆ ಗೈರುಹಾಜರಿ ಒಪ್ಪಿಕೊಳ್ಳಬೇಕು. ಆದರೆ ಅದು ಕೆಲವು ತಿಂಗಳ ಮಾತು, ಕನ್ನದ್ದು ವರ್ಷಗಳ ಮಾತು. ಇದು ನನಗೆ ಆಗಲೇ ತಿಳಿದಿತ್ತು. ನನಗೆ ಭಯವಾಗಿತ್ತು, ಅಷ್ಟೆ.

ಮಾವ ಎರಡು ದಿನ ಬಾಗಿಲ ಕಂಬಕ್ಕೆ ಒರಗಿ ಕೂತರು. ಅನ್ನ ಮುಟ್ಟಲಿಲ್ಲ. ಆ ಹೆಬ್ಬೆರಳೂ ಅಲುಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದು ರುಮಾಲು ಸುತ್ತಿ, ಪುಸ್ತಕ ಕಂಕುಳಲ್ಲಿಟ್ಟು, ನನ್ನ ಗಂಡನ ಜೊತೆ ಯಲಬುರ್ಗಿಗೆ ಹೋದರು. ನನ್ನ ಕಡೆ ನೋಡಲಿಲ್ಲ. ನಾನೂ ಮತ್ತೆ ತಡೆಯಲಿಲ್ಲ.

ಅಲ್ಲಿ ನಡೆದದ್ದನ್ನು ಗಂಡ ಬಂದು ಹೇಳಿದ. ಸುಳ್ಳು ಬರೆದವನು ತಾನೇ, ಅಕ್ಷರವೂ ತನ್ನದೇ ಎಂದು ಮಾವ ಹೇಳಿದರಂತೆ. ಠಾಣೆಯ ಗುಮಾಸ್ತ ಮೆಲ್ಲಗೆ, “ನಿನ್ನಿ ಬರಬೇಕಿತ್ರಿ ಗೌಡ್ರ. ಸಂಜೀಕ ಅವ ಒಪ್ಕೊಂಡು ಹೆಬ್ಬಟ್ಟು ಒತ್ಯಾನ,” ಎಂದನಂತೆ. ಒಳಗಿದ್ದವನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಮಾವ ಅಮೀನರ ಮುಂದೆ ರುಮಾಲು ತೆಗೆದಿಟ್ಟು ಬೇಡಿಕೊಂಡರೂ ಕಾಗದ ಬದಲಾಗಲಿಲ್ಲ. ಅಳವಂಡಿಯಿಂದ ಸಾಕ್ಷಿಗೆ ಯಾರೂ ಬರಲಿಲ್ಲ. ಅವನಿಗೆ ನಾಲ್ಕು ವರ್ಷ ಬಿತ್ತು. ನಮ್ಮ ಪಾಟೀಲ್ಕಿ ದಾಯಾದಿಗಳ ಪಾಲಾಯಿತು.

ಗೌಡ ಹೆದರಿ ಎರಡು ದಿನ ಮನೆಯಲ್ಲಿ ಅಡಗಿದ್ದ ಎಂದು ಊರು ಆಡಿಕೊಂಡಿತು. ಮಾವ ಕೇಳಿಸಿಕೊಂಡರು. ಸೊಸೆ ಕಾಲು ಹಿಡಿದಳು ಎಂದು ಹೊಟ್ಟೆಯ ಮಗನಿಗೂ ಹೇಳಲಿಲ್ಲ. ಊಟಕ್ಕೆ ಕೂತಾಗ ಎಂದಿನಂತೆ, “ನೀ ಉಂಡೀ ಏನು ತಂಗಿ?” ಎಂದು ಕೇಳುತ್ತಿದ್ದರು. ಒಮ್ಮೆಯಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎರಡನೆಯ ವರ್ಷ ಅವನು ಜೈಲಿನಲ್ಲೇ ಸತ್ತ. ಉಪವಾಸ ಬಿದ್ದ ಅವನ ಮನೆಯ ಹಿರಿಯ ಮಗ ಯಾರದೋ ಕಣದಲ್ಲಿ ಜೋಳ ಕದ್ದು ಸಿಕ್ಕಿಬಿದ್ದ. ನಾ ಹೇಳಿರಲಿಲ್ಲವೇ, ಖೂನು, ಎಂದರು ಅಮೀನರು. ಸಹವಾಸ, ಎಂದರು ಮಾಸ್ತರು. ಮಾವ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, “ಅವರಪ್ಪ ಅಳವಂಡಿಗೆ ದುಡ್ಯಾಕ ಹೋಗಿದ್ದಪಾ,” ಎನ್ನತೊಡಗಿದರು. ಗೌಡನಿಗೆ ತಲೆ ಕೆಟ್ಟಿದೆ ಎಂದು ಜನ ದಾರಿ ಬದಲಿಸುತ್ತಿದ್ದರು. ಆ ಚಳಿಗಾಲದಲ್ಲೇ ಹೋಗಿಬಿಟ್ಟರು.

ಮಾವನ ಹೆಣ ಕೂರಿಸಿದ ದಿನ, ಜೈಲಿನಲ್ಲಿ ಸತ್ತವನ ಹೆಂಡತಿ ಬಂದು ಅಂಗಳದ ಅಂಚಿನಲ್ಲಿ ನಿಂತಳು. ನಾನು ಹತ್ತಿರ ಹೋದೆ.

“ಗೌಡ್ರು ಭಾಳ ಛಲೋ ಮನಷ್ಯಾರಿ ಯವ್ವಾ. ಆ ಎರಡು ದಿನ ಯಾಕ ಸುಮ್ಮನ ಕುಂತ್ರು ಅನ್ನೂದೊಂದ ನನಗ ತಿಳೀಲಿಲ್ಲ. ನಿಮಗೇನರ ಹೇಳಿದ್ರೇನ್ರಿ?”

“ಇಲ್ಲವಾ,” ಎಂದೆ.

ಅವಳು ನನ್ನ ಮಾತು ನಂಬಿದಳು. ದೂರದಿಂದಲೇ ಅವರಿಗೆ ಕೈಮುಗಿದು ಗುಡಿಸಲಿಗೆ ಹೊರಟುಹೋದಳು.