ಕೂದಲೆಳೆಯೂ ತಪ್ಪದ ಕೈ

ಅಳುವ ಮಕ್ಕಳನ್ನು ಅಳೆಯುವುದು ಅಳತೆಯಕ್ಕನ ಕೆಲಸ. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂಸನ್ನು ಮರದ ಹಲಗೆಯ ಮೇಲೆ ಮಲಗಿಸಿ, ತಲೆಯನ್ನು ಒಂದು ತುದಿಗೆ ತಾಗಿಸಿ, ಮಂಡಿ ಒತ್ತಿ, ಜಾರುವ ಪಟ್ಟಿಯನ್ನು ಅಂಗಾಲಿಗೆ ತಂದು ಉದ್ದ ನೋಡುವಳು. ಮಕ್ಕಳ ಬೆಳವಣಿಗೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದವರು ಪ್ರತಿ ಕೂಸನ್ನೂ ಎರಡು ಸಲ ಅಳೆಯಬೇಕೆಂದಿದ್ದರು. ಅವಳು ಅದನ್ನು ತನ್ನ ಕೈಗಿಟ್ಟ ಪರೀಕ್ಷೆಯೆಂದೇ ತಿಳಿದಳು. ಎರಡನೆಯ ಸಲ ಅರ್ಧ ಸೆಂಟಿಮೀಟರು ಆಚೀಚೆಯಾದರೆ ಮಾನ ಹೋದಂತೆ. ಹಾಗಾಗಿ ಮೊದಲಿನ ಅಂಕಿಯನ್ನೇ ಮತ್ತೆ ಬರೆಯುವಳು. ಅದು ಸುಳ್ಳೆಂದು ಕನಸಿನಲ್ಲೂ ಅನಿಸಿರಲಿಲ್ಲ. ಒದ್ದದ್ದು ಕೂಸು, ತಪ್ಪೂ ಕೂಸಿನದೇ.

ಅತ್ತೆಯಂತೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆ ಅಳೆದ ಮೇಲೆ ಮುಗೀತು. ಮತ್ತೆ ಬೆಳೆಯೋಕೆ ಮಗೂಗೂ ಧೈರ್ಯ ಬರಲ್ಲ."

ಸಂಶೋಧನೆಯ ಡಾಕ್ಟರಮ್ಮ ಬಂದ ಬೆಳಿಗ್ಗೆ ಅವಳು ಹೊಗಳಿಸಿಕೊಳ್ಳಲು ಸಿದ್ಧಳಾಗಿಯೇ ನಿಂತಿದ್ದಳು.

"ಬೇರೆ ಕಡೆ ಎಲ್ಲಾ ಎರಡು ಅಳತೇಲಿ ಒಂಚೂರು ಹೆಚ್ಚುಕಮ್ಮಿ ಇದೆ. ನಿಮ್ಮಲ್ಲಿ ಒಂದೂ ಇಲ್ಲ."

"ನನ್ನ ಕೈಯೇ ಹಾಗೆ ಮೇಡಂ."

"ಯಾರ ಕೈಯೂ ಹಾಗಿರಲ್ಲ ಅಕ್ಕ. ಎರಡನೇ ಸಲ ಅಳೆದೇ ಇಲ್ಲ ಅಲ್ವಾ?"

"ಅಳೆದಿದ್ದೀನಿ. ಬರೆಯೋವಾಗ ಮಾತ್ರ ಸರಿ ಮಾಡಿದ್ದೀನಿ."

ಡಾಕ್ಟರಮ್ಮ ಕುರ್ಚಿ ಎಳೆದು ಕೂತರು. ಬಳಿಕ ಬಿಡಿಸಿ ಹೇಳಿದರು: ಕೂಸು ಕೊಸರುತ್ತದೆ, ಕಣ್ಣು ಮೋಸ ಮಾಡುತ್ತದೆ, ಅಳತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆ ಏರುಪೇರು ಎಷ್ಟೆಂದು ಗೊತ್ತಿದ್ದರೆ ಮಾತ್ರ ಮಗು ನಿಜಕ್ಕೂ ಬೆಳೆದಿದೆಯೇ ಎಂದು ಹೇಳಬಹುದು. ಎರಡನೆಯ ಅಳತೆ ಇದ್ದದ್ದೇ ಅದಕ್ಕೆ. ಇನ್ನು ಈ ಕೇಂದ್ರದ ಇಡೀ ವರ್ಷದ ಅಳತೆಯನ್ನು ಕೈಬಿಡಬೇಕು. ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಅದೂ ಯೋಚಿಸಬೇಕು.

ಅಳತೆಯಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಳೆದ ವರ್ಷದ ಕೂಸುಗಳೆಲ್ಲ ಈಗ ಓಡಾಡುತ್ತಿದ್ದವು. ಅವನ್ನು ಮತ್ತೆ ಕೂಸು ಮಾಡಿ ಮಲಗಿಸುವವರು ಯಾರು?

"ನನ್ನೆದುರಿಗೇ ಒಂದು ಮಗೂನ ಅಳೀರಿ," ಎಂದರು ಡಾಕ್ಟರಮ್ಮ.

ಹೊರಗೆ ಕಾಯುತ್ತಿದ್ದ ತಾಯಿಯೊಬ್ಬಳು ಕೂಸನ್ನು ತಂದು ಮಲಗಿಸಿದಳು. ಅರವತ್ತೆಂಟು ಬಂತು. ಎತ್ತಿ ಸಮಾಧಾನ ಮಾಡಿ ಮತ್ತೆ ಮಲಗಿಸಿದರೆ ಅರವತ್ತೇಳೂವರೆ. ಈ ಸಲ ಕೂಸು ಒದ್ದಿರಲೂ ಇಲ್ಲ, ನಿದ್ದೆಗಣ್ಣಲ್ಲಿತ್ತು. ಅಳತೆಯಕ್ಕ ತನ್ನ ಕೈಯನ್ನೇ ಅಪರಿಚಿತರ ಕೈಯೆಂಬಂತೆ ನೋಡಿದಳು.

"ಅಯ್ಯೋ ಅಕ್ಕ, ಅಷ್ಟರಲ್ಲೇ ಮಗು ಕುಗ್ಗಿಹೋಯ್ತಾ?" ತಾಯಿಗೆ ಗಾಬರಿ.

"ಮಗು ಕುಗ್ಗಿಲ್ಲ ಕಣಮ್ಮ. ಕುಗ್ಗಿರೋಳು ನಾನು," ಎಂದು ಪೆನ್ನು ಹಿಡಿದಳು. ಬೆರಳು ಅಭ್ಯಾಸಬಲದಿಂದ ಅರವತ್ತೆಂಟರ ಕಡೆಗೇ ಎಳೆಯಿತು. ಹಲ್ಲು ಕಚ್ಚಿ ಅರವತ್ತೇಳೂವರೆ ಎಂದು ಬರೆದಳು.

ಡಾಕ್ಟರಮ್ಮ ಎರಡೂ ಅಂಕಿಗಳ ಕೆಳಗೆ ಗೆರೆ ಎಳೆದರು. "ನಾಳೆಯಿಂದ ಹೊಸ ಕೂಸುಗಳನ್ನ ಅಳೆಯೋಕೆ ಬನ್ನಿ."

"ಮತ್ತೆ ತಪ್ಪು ಬಂದ್ರೆ ಮೇಡಂ?"

"ಬರಲೇಬೇಕು. ಬರದಿದ್ರೆ ನಾನು ಬರ್ತೀನಿ."