ಹನ್ನೊಂದು ತಿಂಗಳ ಕಾಯಿ, ಹನ್ನೆರಡು ತಿಂಗಳ ಕಾನೂನು

ಬೆಂಚಿನ ಎರಡು ತುದಿಯಲ್ಲಿ ಮುಖ ತಿರುಗಿಸಿಕೊಂಡು ಕೂತ ಗಂಡಸು, ಹೆಂಗಸನ್ನು ಕಂಡರೆ ಯಾವ ವಕೀಲನಿಗಾದರೂ ಗಂಡ ಹೆಂಡತಿ ಎಂದೇ ಅನ್ನಿಸುತ್ತದೆ. ತಿಪಟೂರಿನ ನನ್ನ ಆಫೀಸಿಗೆ ಅಲ್ಲಿಯವರೆಗೆ ಬಂದದ್ದೆಲ್ಲ ತೋಟದ ಬದುವಿನ ವ್ಯಾಜ್ಯಗಳು. ವಿಚ್ಛೇದನ ಎಂದೊಡನೆ ನನಗೆ ಹುರುಪು ಬಂತು. ಸಂಸಾರದ ಬಗ್ಗೆ ಕಾಲು ಗಂಟೆ ಮಾತಾಡಿ, ನನ್ನ ಮಾತಿಗೆ ನಾನೇ ಕರಗಿ, "ಈಗಲೇ, ನನ್ನೆದುರಿಗೇ, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಿ" ಎಂದೆ.

ಗಂಡಸು ಧಡಕ್ಕನೆ ಎದ್ದ. "ಏನ್ ಸ್ವಾಮಿ ನೀವು? ಒಡಹುಟ್ಟಿದ ತಂಗಿ ಕಣ್ರೀ ಇವ್ಳು! ಗಂಡ ಹೊರಗೆ ಸೈಕಲ್ ಹಿಡ್ಕಂಡು ನಿಂತವ್ನೆ."

ನನ್ನ ಗುಮಾಸ್ತ ಕಡತದೊಳಗೆ ಮುಖ ಹುದುಗಿಸಿದ. ತಂಗಿ ಮಾತ್ರ ನಗಲಿಲ್ಲ. "ಬುಡಣ್ಣ. ನಾವು ಹೇಳೋಕೆ ಅವ್ರು ಬುಟ್ರೆ ತಾನೆ?"

ಹೀಗೆ ಗುರುಶಾಂತಮ್ಮನ ಪರಿಚಯವಾಯಿತು. ಎಪ್ಪತ್ತೊಂಬತ್ತನೇ ಇಸವಿ. ಕಿಬ್ಬನಹಳ್ಳಿಯ ಗಂಗಾಧರಯ್ಯನ ತಂಗಿ. ಹಾಲ್ಕುರಿಕೆ ಕಡೆಯ ಬಸವರಾಜಪ್ಪನಿಗೆ ಕೊಟ್ಟಿದ್ದರು. ಹೊಡೆತವಿಲ್ಲ, ಬೈಗುಳವಿಲ್ಲ. ಆರು ವರ್ಷದಿಂದ ಆ ಮನುಷ್ಯ ಹೆಂಡತಿಯ ಹತ್ತಿರ ಮಾತೇ ಆಡಿಲ್ಲ.

"ಹೊಡೆದಿದ್ರೆ ಪಂಚಾಯ್ತಿಗಾದ್ರೂ ಹೇಳ್ಬೋದಿತ್ತು ಸ್ವಾಮಿ. ಸುಮ್ಕಿರೋದ್ನ ಯಾರಿಗೆ ತೋರ್ಸನ?"

ಅಮ್ಮಸಂದ್ರದ ಶಿಶುವಿಹಾರದಲ್ಲಿ ಆಕೆಗೊಂದು ಕೆಲಸ ಕಾದಿತ್ತು. ಅಣ್ಣ ಬಿಡಬೇಕಲ್ಲ. "ಗಂಡ ಇರೋಳು ಬೇರೆ ಊರಾಗೆ ಒಬ್ಳೇ ಇದ್ರೆ ಜನ ಏನಂತಾರೆ? ಕೋರ್ಟಿನ ಕಾಗದ ಬರ್ಲಿ, ಆಮೇಲೆ ಹೋಗ್ಲಿ" ಎಂದ.

ಬಸವರಾಜಪ್ಪನನ್ನು ಒಳಗೆ ಕರೆಸಿ, ಒಪ್ಪಿಗೆ ಇದೆಯೇ ಎಂದು ಕೇಳಿದೆ. ಒಂದು ಸಲ ತಲೆ ಆಡಿಸಿ ಸೈಕಲ್ಲಿನ ಹತ್ತಿರ ಹೋದ.

ಎಪ್ಪತ್ತಾರರಲ್ಲಿ ಬಂದ ಹೊಸ ಕಾನೂನು ಆಗಿನ್ನೂ ಬಿಸಿಬಿಸಿ. ಇಬ್ಬರಿಗೂ ಒಪ್ಪಿಗೆಯಿದ್ದರೆ, ಒಂದು ವರ್ಷ ಬೇರೆಬೇರೆ ಬಾಳಿದ ಮೇಲೆ ಅರ್ಜಿ ಹಾಕಬಹುದು. ಆರು ತಿಂಗಳು ಕಳೆದು ಇಬ್ಬರೂ ಮತ್ತೆ ಹೌದೆಂದರೆ ಮುಗಿಯಿತು. ನಾನು ಬೆರಳೆತ್ತಿ ಎಚ್ಚರಿಸಿದೆ: "ನೋಡಿ ಅಮ್ಮ, ಆ ಸೂರಿನಡಿ ಒಂದು ದಿನ ಉಳಿದರೂ ವರ್ಷ ಮತ್ತೆ ಮೊದಲಿನಿಂದ ಶುರು."

ಗುರುಶಾಂತಮ್ಮ ಆ ವಾರವೇ ಹೊಸ ಕಾಯಿಗಳನ್ನು ಗಂಡನ ಮನೆಯ ಅಟ್ಟಕ್ಕೆ ಹಾಕಿಸಿ, ಕಿಬ್ಬನಹಳ್ಳಿಯ ಬಸ್ಸು ಹತ್ತಿದಳು.

ನಮ್ಮ ಕಡೆ ತೆಂಗಿನಕಾಯಿ ಅಟ್ಟದಲ್ಲೇ ಒಣಗಿ ಕೊಬ್ಬರಿಯಾಗಬೇಕು. ಅದಕ್ಕೆ ಹನ್ನೊಂದು ತಿಂಗಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ, ಒಳಗೆ ಉಂಡೆ ಗುಡುಗುಡು ಎಂದರೆ ಒಡೆಯಬಹುದು. ಎಂಟು ಸಾವಿರ ಕಾಯಿಯನ್ನು ಹಾಗೆ ತಪ್ಪದೆ ಕೇಳಬಲ್ಲ ಕಿವಿ ಆ ಮನೆಯಲ್ಲಿ ಒಂದೇ ಇತ್ತು. ಅದು ಕಿಬ್ಬನಹಳ್ಳಿಯಲ್ಲಿತ್ತು.

ಹನ್ನೊಂದನೇ ತಿಂಗಳು ಬಸವರಾಜಪ್ಪ ಬಂದು ಭಾವಮೈದುನನ ಜಗಲಿಯಲ್ಲಿ ಎರಡು ಗಂಟೆ ಕೂತ. ಕೊನೆಗೆ "ಕಾಯಿ" ಎಂದ.

"ಆರೇಳು ವರ್ಷಕ್ಕೆ ನನ್ ಹತ್ರ ಆಡಿದ್ದು ಅದೊಂದೇ ಮಾತು ಸ್ವಾಮಿ" ಎಂದಳು ಗುರುಶಾಂತಮ್ಮ, ಆಮೇಲೆ ನನ್ನ ಆಫೀಸಿಗೆ ಬಂದಾಗ.

"ಅದಕ್ಕೆ ಹೋಗಿಬಿಡೋದೇ?" ಎಂದೆ.

"ನಾನ್ ಹೋಗ್ದಿದ್ರೆ ಹಸೀದ್ನೇ ಒಡೆದಾಕ್ತಿದ್ರು. ಒಂದೊಂದ್ ಕಾಯೂ ನಾನೇ ಆರ್ಸಿದ್ದು."

ಎಂಟು ದಿನ ಅಲ್ಲಿದ್ದಳು. ಅತ್ತೆಯ ಪಕ್ಕ ಮಲಗಿದಳು. ಗಂಡ ತುಟಿ ಬಿಚ್ಚಲಿಲ್ಲ. ಅಟ್ಟ ಖಾಲಿಯಾಯಿತು, ಹೊಸ ಕಾಯಿ ಏರಿತು, ಆಕೆ ವಾಪಸು ಬಂದಳು. ನಾನು ಕ್ಯಾಲೆಂಡರಿನಲ್ಲಿ ಹಳೆಯ ಗುರುತು ಅಳಿಸಿ ಹೊಸದು ಹಾಕಿದೆ. ಕಾನೂನಿನ ವರ್ಷವೂ ಅಟ್ಟದ ವರ್ಷವೂ ಮತ್ತೆ ಒಂದೇ ದಿನ ಶುರುವಾದವು. ಅಟ್ಟದ್ದು ಒಂದು ತಿಂಗಳು ಮುಂಚೆ ಮುಗಿಯುತ್ತಿತ್ತು. ಮರುವರ್ಷವೂ ಹಾಗೇ ಆಯಿತು. ಅದರ ಮರುವರ್ಷವೂ.

"ಅಣ್ಣನ ಮನೇಲಿ ನೆಂಟರೋಳು, ಗಂಡನ ಮನೇಲಿ ಕೊಬ್ರಿಯೋಳು" ಎಂದಳು ಒಮ್ಮೆ. ಅಣ್ಣನ ಮನೆಯಲ್ಲಿ ಆಕೆಯ ಹಾಸಿಗೆ ಆ ವೇಳೆಗೆ ನಡುಮನೆಯಿಂದ ರಾಗಿ ಮೂಟೆಗಳ ಪಕ್ಕಕ್ಕೆ ಸರಿದಿತ್ತು. ಅಮ್ಮಸಂದ್ರದ ಕೆಲಸ ಬೇರೆಯವರ ಪಾಲಾಗಿತ್ತು. ನಾನು ಮಾತ್ರ ನಿಷ್ಠೆಯಿಂದ ಕ್ಯಾಲೆಂಡರು ಬದಲಾಯಿಸುತ್ತಿದ್ದೆ.

ಎಂಬತ್ತೆರಡರಲ್ಲಿ ತುಮಕೂರಿನ ಹಿರಿಯ ವಕೀಲರೊಬ್ಬರಿಗೆ ಈ ಕಥೆಯನ್ನು ತಮಾಷೆಯಾಗಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಅತ್ತೆ ಪಕ್ಕ ಮಲಗಿ ಕಾಯಿ ಅಲ್ಲಾಡಿಸೋದು ದಾಂಪತ್ಯವೇನಯ್ಯಾ? ಸೂರು ಒಂದಾದರೇನು, ಬಾಳು ಬೇರೆ ತಾನೆ? ಮೊದಲನೇ ವರ್ಷವೇ ಅರ್ಜಿ ಹಾಕಬಹುದಿತ್ತು. ಸೆಕ್ಷನ್ ಓದಿದ್ದೀಯೋ ಇಲ್ಲವೋ?"

ಓದಿದ್ದೆ. ಸೂರಿನ ಮಾತು ಅದರಲ್ಲಿರಲಿಲ್ಲ. ಗಾಂಭೀರ್ಯಕ್ಕಿರಲಿ ಎಂದು ನಾನೇ ಸೇರಿಸಿದ್ದೆ.

ಗುರುಶಾಂತಮ್ಮನಿಗೆ ಕಾರ್ಡು ಬರೆದು ಕರೆಸಿದೆ. ತಪ್ಪು ನನ್ನದೆಂದು ಹೇಳಿದೆ. ಹೇಳುವಾಗ ಪೇಪರ್ ವೇಟನ್ನು ಮೂರು ಸಲ ಜಾಗ ಬದಲಿಸಿದೆ. ಆಕೆ ಅರ್ಜಿಗೆ ನಿಧಾನವಾಗಿ ಸಹಿ ಮಾಡಿದಳು. ಬಸವರಾಜಪ್ಪ ಆ ಮೊದಲೇ ಸಹಿ ಹಾಕಿ ಹೊರಟುಹೋಗಿದ್ದ. ಇಷ್ಟಾದರೂ ಇನ್ನೂ ಆರು ತಿಂಗಳು ಕಾಯಬೇಕು ಎಂದೆ. ಆಗಲಿ ಎಂಬಂತೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ತಡೆಯಲಾರದೆ ಕೇಳಿದೆ:

"ಮೂರು ವರ್ಷದಲ್ಲಿ ಒಂದು ಸಲವೂ ನನ್ನನ್ನು ಬಿಟ್ಟು ಬೇರೆ ವಕೀಲರನ್ನು ನೋಡೋಣ ಅನ್ನಿಸಲಿಲ್ಲವೇ, ಗುರುಶಾಂತಮ್ಮ?"

"ಅನ್ನಿಸ್ತು ಸ್ವಾಮಿ. ನಿಮ್ಮನ್ನ ಬುಡೋಕೂ ಒಂದು ವರ್ಷ ಬೇರೆ ಇರ್ಬೇಕೇನೋ ಅಂತ ಸುಮ್ಕಾದೆ."